ಪಳಗದ ಬ್ರೇಕು

ಹೊಸ ಬ್ರೇಕ್ ಪ್ಯಾಡು, ಹೊಸ ಡಿಸ್ಕು ಹಾಕಿಸಿಕೊಂಡು ಗ್ಯಾರೇಜಿನಿಂದ ಹೊರಬಿದ್ದ ಕಾರು ಮೊದಲಿಗಿಂತ ಗಟ್ಟಿಯಾಗಿ ನಿಲ್ಲಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ದುಡ್ಡು ಕೊಟ್ಟಿದ್ದೇ ಅದಕ್ಕೆ. ಆದರೆ ಮೊದಲ ಕೆಲವು ದಿನ ಆಗುವುದು ಉಲ್ಟಾ. ಪೆಡಲ್ ಮೇಲೆ ಕಾಲು ಜಾಸ್ತಿ ಊರಬೇಕು, ಕಾರು ಒಂದಿಷ್ಟು ಮುಂದೆ ಹೋಗಿ ನಿಲ್ಲುತ್ತದೆ. ಮೆಕ್ಯಾನಿಕ್ಕನ್ನು ಕೇಳಿದರೆ "ಇನ್ನೂ ಸೆಟ್ ಆಗ್ಬೇಕು ಸಾರ್, ಇನ್ನೂರು ಕಿಲೋಮೀಟರ್ ಓಡ್ಲಿ" ಎಂಬ ಉತ್ತರ ಸಿಗುತ್ತದೆ. ಅದು ಅರ್ಧ ನಿಜ. ಅಂಗಡಿಯಲ್ಲಿ ಸಿಗುವುದು ಬ್ರೇಕಿನ ಬಿಡಿಭಾಗಗಳು ಮಾತ್ರ. ಚಕ್ರವನ್ನು ನಿಜವಾಗಿ ಹಿಡಿದು ನಿಲ್ಲಿಸುವ ಮೇಲ್ಮೈ ರೂಪುಗೊಳ್ಳುವುದು ರಸ್ತೆಯ ಮೇಲೆ, ಚಾಲಕನ ಕಾಲ ಕೆಳಗೆ. ತಿಳಿದು ಮಾಡಿದರೆ ಅದು ಸಮನಾಗಿ ಬರುತ್ತದೆ. ಅದರ ಪಾಡಿಗೆ ಬಿಟ್ಟರೆ ಕೆಲವೊಮ್ಮೆ ಸಮನಾಗಿ, ಕೆಲವೊಮ್ಮೆ ತೇಪೆ ತೇಪೆಯಾಗಿ ಬರುತ್ತದೆ. ಮೆಕ್ಯಾನಿಕ್ಕಿನ ಮಾತು ಬಿಟ್ಟಿರುವ ಉಳಿದರ್ಧ ಇದು.

ಡಿಸ್ಕ್ ಆಗುವುದು ಎರಕದ ಕಬ್ಬಿಣದಿಂದ. ಅಡುಗೆಮನೆಯ ದೋಸೆ ಕಾವಲಿಯದೂ ಇದೇ ಕುಲ. ಹೊಸ ಕಾವಲಿಯನ್ನು ಯಾರೂ ತಂದ ದಿನವೇ ದೋಸೆಗೆ ಇಡುವುದಿಲ್ಲ. ಎಣ್ಣೆ ಸವರಿ, ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ ಪಳಗಿಸುತ್ತಾರೆ. ಶಾಖಕ್ಕೆ ಎಣ್ಣೆ ಕಬ್ಬಿಣದ ಮೇಲೆ ಗಟ್ಟಿ ಪೊರೆಯಾಗಿ ಕೂರುತ್ತದೆ. ಬ್ರೇಕಿನಲ್ಲೂ ಪೊರೆಯದೇ ಕಥೆ, ಫಲ ಮಾತ್ರ ತಿರುವುಮುರುವು: ಕಾವಲಿಯ ಪೊರೆ ಹಿಟ್ಟು ಅಂಟದಂತೆ ನೋಡಿಕೊಳ್ಳುತ್ತದೆ, ಡಿಸ್ಕಿನ ಪೊರೆ ಪ್ಯಾಡ್ ಅಂಟುವಂತೆ ಮಾಡುತ್ತದೆ. ಪ್ಯಾಡ್ ಎಂಬುದು ಫೀನಾಲಿಕ್ ರಾಳದಲ್ಲಿ ನಾರು, ಗ್ರಾಫೈಟ್, ಲೋಹದ ಪುಡಿ, ಗಡಸು ಖನಿಜಗಳನ್ನು ಕಲಸಿ, ಬಿಸಿ ಅಚ್ಚಿನಲ್ಲಿ ಒತ್ತಿ ಬೇಯಿಸಿದ ಬಿಲ್ಲೆ. ಅದು ಬರಿಯ ಕಬ್ಬಿಣಕ್ಕೆ ಉಜ್ಜಿದಾಗ ಹುಟ್ಟುವುದು ಒಂದು ಬಗೆಯ ಘರ್ಷಣೆ, ಮರಳುಕಾಗದದ್ದು: ಗಡಸು ಕಣಗಳು ಲೋಹವನ್ನು ಕೆರೆಯುತ್ತವೆ. ಪ್ಯಾಡಿನದೇ ದ್ರವ್ಯ ಶಾಖಕ್ಕೆ ಡಿಸ್ಕಿನ ಮೇಲೆ ತೆಳ್ಳಗೆ ಬಳಿದುಕೊಂಡ ಮೇಲೆ ಇನ್ನೊಂದು ಬಗೆ ಸೇರಿಕೊಳ್ಳುತ್ತದೆ. ಪ್ಯಾಡ್ ಈಗ ತನ್ನ ಜಾತಿಯ ಪೊರೆಗೇ ತಾಗುತ್ತದೆ. ಕ್ಷಣಕ್ಷಣಕ್ಕೂ ಬೆಸುಗೆಗಳು ಹುಟ್ಟಿ ಮುರಿಯುತ್ತವೆ, ಮುರಿಯುವಾಗ ಚಲನೆಯ ಶಕ್ತಿ ಶಾಖವಾಗುತ್ತದೆ. ಎರಡೂ ಬಗೆಗಳು ಯಾವಾಗಲೂ ಒಟ್ಟಿಗೇ ಇರುತ್ತವೆ, ಪಾಲು ಮಾತ್ರ ಬದಲಾಗುತ್ತದೆ.

ಪ್ಯಾಡಿನ ಮುಖವೂ ಬದಲಾಗಬೇಕು. ಎರಡು ಘನವಸ್ತುಗಳು ಎಷ್ಟೇ ನುಣುಪಾಗಿ ಕಂಡರೂ ನಿಜಕ್ಕೂ ತಾಗುವುದು ಅಲ್ಲಲ್ಲಿನ ಉಬ್ಬುಗಳ ತುದಿಯಲ್ಲಿ ಮಾತ್ರ ಎಂಬುದನ್ನು ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್ ಕಳೆದ ಶತಮಾನದ ನಡುವಿನಲ್ಲೇ ತೋರಿಸಿಕೊಟ್ಟರು. 2000ದ ಆಸುಪಾಸಿನಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದವರು ಬಳಸಿದ ಪ್ಯಾಡುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕಂಡದ್ದು ಪುಟ್ಟ ಪುಟ್ಟ ಪ್ರಸ್ಥಭೂಮಿಗಳು. ಸವೆಯದ ನಾರು, ಲೋಹಕಣಗಳ ಸುತ್ತ ಉಜ್ಜಿದ ಪುಡಿಯೇ ಒತ್ತಿಕೊಂಡು ಗಟ್ಟಿಯಾದ ದಿಬ್ಬಗಳವು. ಬ್ರೇಕಿನ ಭಾರವೆಲ್ಲ ಅವುಗಳ ಮೇಲೆ. ಹೊಸ ಪ್ಯಾಡಿನಲ್ಲಿ ಈ ದಿಬ್ಬಗಳು ಇನ್ನೂ ಎದ್ದಿರುವುದಿಲ್ಲ.

ಪೊರೆ ಹಚ್ಚಲು ಎಷ್ಟು ಶಾಖ ಬೇಕು? ಇಲ್ಲಿ ಲೆಕ್ಕ ಹಾಕುವುದು ಒಳ್ಳೆಯದು, ಏಕೆಂದರೆ ಪಳಗಿಸುವ ವಿಧಾನದ ಗುಟ್ಟೆಲ್ಲ ಲೆಕ್ಕದಲ್ಲೇ ಇದೆ. 1,200 ಕಿಲೋ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಿಂದ 10ಕ್ಕೆ ಇಳಿದರೆ ಸುಮಾರು 160 ಕಿಲೋಜೌಲ್ ಶಾಖವಾಗುತ್ತದೆ. ಅದರಲ್ಲಿ ನೂರಕ್ಕೆ ಎಪ್ಪತ್ತು ಪಾಲು ಮುಂದಿನ ಬ್ರೇಕುಗಳಿಗೆ ಹೋಯಿತು, ಮುಂದಿನ ಡಿಸ್ಕುಗಳು ತಲಾ 6 ಕಿಲೋ ಎಂದಿಟ್ಟುಕೊಂಡರೆ ಒಂದೊಂದು ಸಲಕ್ಕೆ ಡಿಸ್ಕಿನ ತಾಪ 20 ಡಿಗ್ರಿಯಷ್ಟು ಏರುತ್ತದೆ. ಆರಲು ಬಿಡದೆ ಹತ್ತು ಸಲ ಮಾಡಿದರೆ, ಗಾಳಿ ಕದ್ದ ಶಾಖವನ್ನು ಕಳೆದರೂ, ತಾಪ 200 ಡಿಗ್ರಿಯ ಹತ್ತಿರ ಬರುತ್ತದೆ. ರಾಳ ಒಡೆಯತೊಡಗುವುದು ಸುಮಾರು 300 ಡಿಗ್ರಿ ದಾಟಿದ ಮೇಲೆ. ಹಾಗಾಗಿ ಪೊರೆ ಹತ್ತುವಷ್ಟು ಬಿಸಿ, ಪ್ಯಾಡ್ ಸುಡದಷ್ಟು ಬಿಸಿ, ಇವೆರಡರ ನಡುವಿನ ಹಾದಿಯಿದು. 60ರಿಂದ 10ಕ್ಕೆ ಎಂಟು ಹತ್ತು ಬಾರಿ, ಗಟ್ಟಿಯಾಗಿ ಆದರೆ ಎಬಿಎಸ್ ಗುರುಗುಟ್ಟದಂತೆ ಇಳಿಸಿ ಎಂಬ ರೂಢಿಯ ಸಲಹೆ ಇಲ್ಲಿಂದ ಬಂದದ್ದು, ಅದು ಮಂತ್ರವಲ್ಲ. ಪ್ಯಾಡಿನ ಪೆಟ್ಟಿಗೆಯಲ್ಲಿ ಬೇರೆ ಅಂಕಿಗಳಿದ್ದರೆ ಅವನ್ನೇ ಪಾಲಿಸಬೇಕು, ಪ್ರತಿ ಮಿಶ್ರಣದ ಹದವೂ ಬೇರೆ. ಪೂರ್ತಿ ನಿಲ್ಲಿಸಬಾರದೆನ್ನುವುದಕ್ಕೂ ಕಾರಣ ಇದೇ ಶಾಖ. ಕಾದ ಪ್ಯಾಡನ್ನು ಕಾದ ಡಿಸ್ಕಿಗೆ ಒತ್ತಿ ಹಿಡಿದು ಕಾರು ನಿಂತರೆ ಆ ಜಾಗದಲ್ಲಷ್ಟೇ ದಪ್ಪಗೆ ದ್ರವ್ಯ ಹತ್ತಿ, ಮೊಹರು ಒತ್ತಿದಂತೆ ಅಚ್ಚು ಬೀಳುತ್ತದೆ. ಕಡೆಯ ಸಲದ ನಂತರ ಐದು ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ಆರಿಸಬೇಕು. ಸಿಗ್ನಲ್ಲುಗಳಿಲ್ಲದ, ಹಿಂದೆ ವಾಹನ ಅಂಟಿಕೊಂಡು ಬರದ ಬೆಳಗಿನ ಜಾವದ ರಸ್ತೆ ಇದಕ್ಕೆ ತಕ್ಕದ್ದು.

ಆ ಅಚ್ಚೇ ಮುಂದೆ ದೊಡ್ಡ ತಪ್ಪುತಿಳಿವಳಿಕೆಗೆ ದಾರಿಯಾಗುತ್ತದೆ. ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಿದರೆ "ಡಿಸ್ಕ್ ಬೆಂಡ್ ಆಗಿದೆ" ಎನ್ನುವುದು ವಾಡಿಕೆ. ಫೋರ್ಡ್ ಜಿಟಿ40ಯ ಲೆ ಮಾನ್ಸ್ ತಂಡದಲ್ಲಿ ದುಡಿದ ರೇಸಿಂಗ್ ಎಂಜಿನಿಯರ್ ಕ್ಯಾರಲ್ ಸ್ಮಿತ್ ಇದನ್ನು ಕಟ್ಟುಕಥೆಯೆಂದೇ ಕರೆದರು. ಬಾಗಿದೆ ಎನ್ನುವ ಡಿಸ್ಕುಗಳಲ್ಲಿ ಅವರು ಕಂಡದ್ದು ಬಾಗನ್ನಲ್ಲ, ಅಲ್ಲಲ್ಲಿ ಮೆತ್ತಿಕೊಂಡ ಪ್ಯಾಡ್ ದ್ರವ್ಯವನ್ನು. ದಪ್ಪದಲ್ಲಿ ಮಿಲಿಮೀಟರಿನ ಐವತ್ತನೇ ಒಂದು ಪಾಲಿನಷ್ಟು ವ್ಯತ್ಯಾಸ ಬಂದರೂ ಕಾಲಿಗೆ ಗೊತ್ತಾಗುತ್ತದೆ. ಇದನ್ನು ಹಾಗೇ ಬಿಟ್ಟರೆ ಉಬ್ಬಿದ ಜಾಗ ಪ್ರತಿ ಸುತ್ತಿನಲ್ಲೂ ಹೆಚ್ಚು ಉಜ್ಜಿ, ಹೆಚ್ಚು ಕಾಯುತ್ತದೆ. ಅಲ್ಲಿ ತಾಪ 650 ಡಿಗ್ರಿ ದಾಟಿದರೆ ಕಬ್ಬಿಣ ಸಿಮೆಂಟೈಟ್ ಎಂಬ ಕಡುಗಡಸು ರೂಪ ತಾಳುತ್ತದೆ. ಆಮೇಲೆ ಲೇತಿಗೆ ಹಾಕಿ ಮೇಲುಮೇಲೆ ಹೆರೆದರೂ ಬೇರು ಉಳಿದು ನಡುಕ ಮರಳುತ್ತದೆ. ಕೂರಿಸುವಾಗ ಚಕ್ರದ ಹಬ್ಬಿನ ತುಕ್ಕು ಒರೆಸದೆ ಡಿಸ್ಕ್ ಓರೆಯಾಗಿ ಕೂತದ್ದೂ ನಡುಕಕ್ಕೆ ಕಾರಣವಾಗಬಹುದು ಎಂಬುದು ನಿಜ. ಎಲ್ಲ ತಪ್ಪನ್ನೂ ಪೊರೆಯ ತಲೆಗೆ ಕಟ್ಟುವುದು ಬೇಡ.

ಟ್ಯಾಕ್ಸಿ ಓಡಿಸುವವರು ಇದ್ಯಾವುದನ್ನೂ ಮಾಡುವುದಿಲ್ಲ, ಅವರ ಬ್ರೇಕ್ ಕೆಟ್ಟಿದೆಯೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಮೆರಿಕದ ಕಾರು ಸುರಕ್ಷತಾ ನಿಯಮ ಎಫ್‌ಎಂವಿಎಸ್‌ಎಸ್ 135 ಇದಕ್ಕೆ ಎರಡಂಚಿನ ಉತ್ತರ ಕೊಡುತ್ತದೆ. ಬ್ರೇಕಿನ ಪರೀಕ್ಷೆಗೆ ಮುನ್ನ ಕಾರನ್ನು 80 ಕಿಲೋಮೀಟರ್ ವೇಗದಿಂದ 200 ಸಲ, ಮೆಲುವಾಗಿ, ನಡುನಡುವೆ ಬ್ರೇಕನ್ನು ಆರಲು ಬಿಟ್ಟು ನಿಲ್ಲಿಸಬೇಕೆಂದು ಅದು ಹೇಳುತ್ತದೆ. ಅಂದರೆ ಮೆದು ಬಳಕೆಯಿಂದಲೂ ಬ್ರೇಕ್ ಪಳಗುತ್ತದೆ, ಟ್ಯಾಕ್ಸಿಯವರು ಸರಿ. ಆದರೆ ಪಳಗದ ಬ್ರೇಕನ್ನು ಅಳೆದು ಅಂಕ ಕೊಡಲು ಆ ನಿಯಮವೂ ಒಪ್ಪುವುದಿಲ್ಲ. ಆ 200 ಸಲ ಮುಗಿಯುವ ಮೊದಲೇ ಹಸುವೊಂದು ರಸ್ತೆಗೆ ನುಗ್ಗಿದರೆ? ಘರ್ಷಣೆಯ ಗುಣಾಂಕ 0.4 ಇರಬೇಕಾದಲ್ಲಿ 0.3 ಇದೆ ಎಂದುಕೊಂಡರೆ, ಅದೇ ಒತ್ತಡಕ್ಕೆ 16 ಮೀಟರಿನಲ್ಲಿ ನಿಲ್ಲಬೇಕಾದ ಕಾರು 21 ಮೀಟರ್ ದಾಟಿ ನಿಲ್ಲುತ್ತದೆ. ಒಂದು ಕಾರಿನ ಉದ್ದಕ್ಕಿಂತ ಜಾಸ್ತಿ ಅಂತರ ಅದು. ಇನ್ನು ಪ್ಯಾಡ್ ಹಾಕಿಸಿದ ಮರುದಿನವೇ ಶಿರಾಡಿ, ಚಾರ್ಮಾಡಿ ಘಾಟಿ ಇಳಿಯುವವರ ಮಾತು ಬೇರೆಯೇ. 500 ಮೀಟರ್ ಎತ್ತರದಿಂದ ಇಳಿಯುವ ಅದೇ ಕಾರು ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 5,900 ಕಿಲೋಜೌಲ್, ಗಂಟೆಗೆ 100 ಕಿಲೋಮೀಟರ್ ವೇಗದಿಂದ ಹನ್ನೆರಡು ಹದಿಮೂರು ಸಲ ನಿಂತಂತೆ. ಚಿಕ್ಕ ಗೇರಿನಲ್ಲಿ ಇಳಿದರೆ ಎಂಜಿನ್ ಒಂದು ಪಾಲು ಹೊರುತ್ತದೆ; ನ್ಯೂಟ್ರಲ್‌ನಲ್ಲಿ ಇಳಿದರೆ ಬಹುಪಾಲು ಬ್ರೇಕಿನ ಮೇಲೇ. ಮೊದಲ ಸಲ ಅಷ್ಟು ಕಾದ ಪ್ಯಾಡಿನ ರಾಳ ಒಡೆದು ಅನಿಲ ಬಿಡುತ್ತದೆ, ಡಿಸ್ಕು ಪ್ಯಾಡುಗಳ ನಡುವೆ ಅದು ಸೇರಿಕೊಂಡು ಹಿಡಿತ ಸಡಿಲಿಸುತ್ತದೆ. ಕೆಲವು ತಯಾರಕರು ಪ್ಯಾಡಿನ ಮುಖವನ್ನು ಮೊದಲೇ ಸುಟ್ಟು ಕಳಿಸುವುದು ಇದಕ್ಕಾಗಿಯೇ. ಆದರೂ ಡಿಸ್ಕಿನ ಮೇಲಿನ ಪೊರೆಯನ್ನು ಅವರು ಸುಟ್ಟು ಕಳಿಸಲಾರರು.

ಹೊಸ ಪ್ಯಾಡನ್ನು ಬೇಕಂತಲೇ ಸವೆಸುವುದು ಏಕೆ ಎಂಬ ಜಿಪುಣತನದ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಡ: ಹತ್ತು ಮಿಲಿಮೀಟರ್ ದಪ್ಪದ ಬಿಲ್ಲೆಯಲ್ಲಿ ಈ ಕೆಲಸಕ್ಕೆ ಹೋಗುವುದು ಕಣ್ಣಿಗೆ ಕಾಣದಷ್ಟು. ನಿಜವಾದ ತೊಡಕು ಎಲೆಕ್ಟ್ರಿಕ್ ಕಾರುಗಳದ್ದು. ಅವುಗಳಲ್ಲಿ ವೇಗ ಇಳಿಸುವ ಕೆಲಸದ ಬಹುಭಾಗವನ್ನು ಮೋಟರೇ ಮಾಡಿ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುವುದರಿಂದ ಪ್ಯಾಡು ಡಿಸ್ಕುಗಳು ದಿನವಿಡೀ ಸುಮ್ಮನಿರುತ್ತವೆ. ಪೊರೆ ಕೂರುವಷ್ಟು ಶಾಖ ಹುಟ್ಟುವುದಿಲ್ಲ, ಕೂತ ಪೊರೆಯೂ ಮಳೆಗಾಲದ ತುಕ್ಕಿಗೆ ಎದ್ದುಹೋಗುತ್ತದೆ. ಫೋಕ್ಸ್‌ವ್ಯಾಗನ್ ತನ್ನ ಐಡಿ.4 ಕಾರಿನ ಹಿಂದಿನ ಚಕ್ರಗಳಿಗೆ ಡಿಸ್ಕ್ ಬಿಟ್ಟು, ಮಳೆನೀರು ಸುಲಭಕ್ಕೆ ಒಳಹೋಗದ ಹಳೆಯ ಡ್ರಮ್ ಬ್ರೇಕನ್ನೇ ಕೊಟ್ಟಿದೆ.