ಎಲ್ಲರ ಹಾಗೆ ಬೇರೆಯಾಗುವ ಹಂಬಲ

ಭಾನುವಾರ ಬೆಳಿಗ್ಗೆ ಚಾಮರಾಜನಗರದ ಯಾವುದಾದರೂ ಕ್ಷೌರದ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಒಳಗೆ ಹೋಗುವ ಹುಡುಗರು ನಾನಾ ನಮೂನೆ. ಗುಂಗುರು ಕೂದಲಿನವನು, ನೆಟ್ಟನೆ ಕೂದಲಿನವನು, ಹಣೆ ಕಿರಿದಾದವನು, ಕಿವಿ ಅಗಲವಾದವನು. ಹೊರಗೆ ಬರುವಾಗ ಎಲ್ಲರದೂ ಒಂದೇ ತಲೆ. ಎರಡೂ ಬದಿ ನುಣ್ಣಗೆ ಬೋಳಿಸಿ, ನೆತ್ತಿಯ ಮೇಲೆ ಮಾತ್ರ ಹುಲ್ಲಿನ ಮೆದೆಯಂತೆ ಕೂದಲು ಬಿಟ್ಟ ಈ ಕಟಿಂಗಿಗೆ ‘ಹೆಬ್ಬುಲಿ ಕಟಿಂಗ್’ ಎಂದೇ ಹೆಸರು. 2017ರಲ್ಲಿ ತೆರೆಗೆ ಬಂದ ಸುದೀಪ್ ಅಭಿನಯದ ‘ಹೆಬ್ಬುಲಿ’ ಚಿತ್ರದ ಬಳುವಳಿ ಅದು. ಚಿತ್ರದ ಕಥೆ ಈಗ ಎಷ್ಟು ಜನರಿಗೆ ನೆನಪಿದೆಯೋ, ಕಟಿಂಗ್ ಮಾತ್ರ ಉಳಿದುಕೊಂಡಿದೆ. ಯಾಕಪ್ಪಾ ಹೀಗೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ‘ನಂದು ಸ್ವಲ್ಪ ಡಿಫ್ರೆಂಟಾಗಿರ್ಲಿ ಅಂತ.’

2023ರಲ್ಲಿ ಬಾಗಲಕೋಟೆ ಜಿಲ್ಲೆಯ ಕುಲಹಳ್ಳಿಯ ಸರ್ಕಾರಿ ಪ್ರೌಢಶಾಲೆಯಿಂದ ಊರಿನ ಕ್ಷೌರಿಕರಿಗೆ ಒಂದು ಪತ್ರ ಹೋಯಿತು. ದಯವಿಟ್ಟು ನಮ್ಮ ವಿದ್ಯಾರ್ಥಿಗಳಿಗೆ ಹೆಬ್ಬುಲಿ ಕಟಿಂಗ್ ಮಾಡಬೇಡಿ ಎಂಬುದು ಅದರ ಸಾರಾಂಶ. ತರಗತಿಯಲ್ಲಿ ಹುಡುಗರ ಗಮನವೆಲ್ಲ ಪಾಠಕ್ಕಿಂತ ತಲೆಯ ಮೇಲೆಯೇ ಇರುತ್ತದೆಂಬುದು ಮೇಷ್ಟರ ಅಳಲು. ಪತ್ರಿಕೆಗಳಲ್ಲಿ ಸುದ್ದಿ ಬಂದಾಗ ಜನ ನಕ್ಕರು. ಶಿಕ್ಷಕರ ಕೊಠಡಿಗಳಲ್ಲಿ ಮಾತ್ರ ಯಾರೂ ನಕ್ಕಿರಲಾರರು. ಮಕ್ಕಳಿಗೆ ಹೇಳಿ, ಪೋಷಕರಿಗೆ ಹೇಳಿ, ಕೊನೆಗೆ ಕತ್ತರಿ ಹಿಡಿದವನಿಗೇ ಮೊರೆ ಹೋಗಬೇಕಾದ ಸ್ಥಿತಿ ಅವರಿಗೆ ಗೊತ್ತಿರುವಂಥದೇ.

ಹಾಗೆಂದು ಇದು ಈಗಿನ ಹುಡುಗರು ಕಂಡುಹಿಡಿದ ರೋಗವಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂದಾಗ ಎಷ್ಟು ಹುಡುಗರು ರಾಮಾಚಾರಿಯಂತೆ ನಡೆದಾಡಿದರೆಂಬುದನ್ನು ಈಗಿನ ಅಜ್ಜಂದಿರನ್ನು ಕೇಳಬೇಕು. ಮನೆಯ ಹಳೆಯ ಆಲ್ಬಮ್ ತೆಗೆದರೆ ಬೆಲ್‌ಬಾಟಮ್ ಪ್ಯಾಂಟು, ಕಿವಿ ಮುಚ್ಚಿದ ಹಿಪ್ಪಿ ಕೂದಲು, ನಾಯಿ ನಾಲಗೆಯಂಥ ಕಾಲರ್ ಎಲ್ಲ ಸಾಲಾಗಿ ಸಿಗುತ್ತವೆ. ಅವರ ತಂದೆಯರೂ ಆಗ ಬೈದಿದ್ದರು. ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂಬ ಮಾತು ಬಹುಶಃ ಪ್ರತಿ ಕಾಲದಲ್ಲೂ ಇತ್ತು.

ಹಿರಿಯರು ಇದಕ್ಕೆಲ್ಲ ಇಡುವ ಹೆಸರು ‘ಹೇಳಿದ ಮಾತು ಕೇಳುವುದಿಲ್ಲ’ ಎಂದು. ವಿಷಯ ತಿರುಗುಮುರುಗಾಗಿದೆ. ಹದಿನಾಲ್ಕು–ಹದಿನೈದರ ಹುಡುಗನಷ್ಟು ಮಾತು ಕೇಳುವವರು ಇನ್ನೊಬ್ಬರಿಲ್ಲ. ಅವನು ಕೇಳುವುದು ಯಾರ ಮಾತನ್ನು ಎಂಬುದಷ್ಟೇ ಪ್ರಶ್ನೆ. ಅಪ್ಪನ ಮಾತಿಗೆ ತೆಗೆಯದ ಶರ್ಟನ್ನು ಗೆಳೆಯನೊಬ್ಬ ‘ಏನ್ಲಾ ಇದು, ನಿಮ್ ತಾತುಂದಾ?’ ಎಂದ ಮರುದಿನವೇ ಮೂಲೆಗೆ ಎಸೆದಿರುತ್ತಾನೆ. ಹುಡುಗಿಯರಲ್ಲಿ ಇದು ಇನ್ನೂ ಮೌನವಾಗಿ ನಡೆಯುತ್ತದೆ. ಬೈಗುಳವಿಲ್ಲ, ಜಗಳವಿಲ್ಲ. ಒಬ್ಬಳನ್ನು ಬಿಟ್ಟು ಉಳಿದ ಆರು ಜನ ಸೇರಿ ಮೊಬೈಲಿನಲ್ಲಿ ಹೊಸ ಗುಂಪು ಮಾಡಿಕೊಂಡರೆ ಮುಗಿಯಿತು. ಬಿಟ್ಟುಹೋದವಳು ಮರುದಿನ ಹೊಟ್ಟೆನೋವೆಂದು ಶಾಲೆಗೆ ಬರುವುದಿಲ್ಲ. ತಾಯಿ ಓಮದ ನೀರು ಕುಡಿಸುತ್ತಾಳೆ.

ತಲೆಗೂದಲಿನ ಮಟ್ಟಿಗೆ ಇದೆಲ್ಲ ತಮಾಷೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆದು ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಆದರೆ ಅದೇ ಗುಂಪು, ಅದೇ ದನಿಯಲ್ಲಿ ಬೇರೆ ಮಾತುಗಳನ್ನೂ ಆಡುತ್ತದೆ. ‘ಎಲ್ರೂ ಹಾಕಂಡ್ರು, ನೀನೊಬ್ಬ ಏನ್ಲಾ ದೊಡ್ ಗಾಂಧಿ?’ ಎಂದು ಪೊಟ್ಟಣ ಚಾಚುತ್ತದೆ. ಶಾಲೆಯ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ಹೇಳುತ್ತದೆ. 101ನೆಯ ಗಜದಲ್ಲಿ ಗೆಳೆಯ ನಿಂತಿರುತ್ತಾನೆ. ‘ಹೆದ್ರುಕಂಡ್ಯಾ?’ ಎಂಬ ಒಂದೇ ಪ್ರಶ್ನೆಗೆ, ಲೈಸೆನ್ಸ್ ಇಲ್ಲದ ಹುಡುಗ ಇಬ್ಬರನ್ನು ಹಿಂದೆ ಕೂರಿಸಿಕೊಂಡು ಅಪ್ಪನ ಬೈಕನ್ನು ಹೆದ್ದಾರಿಗೆ ಇಳಿಸುತ್ತಾನೆ. ಗುಂಡ್ಲುಪೇಟೆ ಎರಡು ಹೆದ್ದಾರಿಗಳು ಕವಲೊಡೆಯುವ ಊರು. ಒಂದು ಊಟಿಯ ಕಡೆಗೆ, ಇನ್ನೊಂದು ವಯನಾಡಿನ ಕಡೆಗೆ. ಬಂಡೀಪುರದಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ನಿಷೇಧವಿರುವುದರಿಂದ ಗೇಟು ಮುಚ್ಚುವ ಮೊದಲೇ ಕಾಡು ದಾಟಬೇಕೆಂಬ ಅವಸರದಲ್ಲಿ ಸಂಜೆಯ ವಾಹನಗಳು ಓಡುತ್ತಿರುತ್ತವೆ. ಹುಡುಗರು ಬೈಕ್ ತೆಗೆಯುವುದೂ ಅದೇ ಸಂಜೆಯ ಹೊತ್ತಿಗೆ.

ಒಬ್ಬನೇ ಇದ್ದಾಗ ಎಚ್ಚರದಿಂದ ಓಡಿಸುವ ಹುಡುಗನಿಗೆ ಗೆಳೆಯರೆದುರು ಏನಾಗುತ್ತದೆ? ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಟೆಂಪಲ್ ವಿಶ್ವವಿದ್ಯಾಲಯದ ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕೇಳಿತು. 306 ಮಂದಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟರು. ಹಳದಿ ದೀಪ ಬಂದ ಮೇಲೂ ಎಷ್ಟು ದೂರ ಧೈರ್ಯವಾಗಿ ಮುಂದೆ ಹೋಗುತ್ತಾರೆಂದು ನೋಡುವುದು. ಒಂಟಿಯಾಗಿ ಆಡಿದಾಗಿನದಕ್ಕೆ ಹೋಲಿಸಿದರೆ, ಗೆಳೆಯರು ಪಕ್ಕದಲ್ಲಿದ್ದಾಗ 13ರಿಂದ 16ರ ವಯಸ್ಸಿನವರು ತೆಗೆದುಕೊಂಡ ಅಪಾಯ ಹೆಚ್ಚುಕಡಿಮೆ ಇಮ್ಮಡಿಯಾಯಿತು. 24 ದಾಟಿದವರಲ್ಲಿ ಗೆಳೆಯರಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮುಂದೆ ಅದೇ ವಿಶ್ವವಿದ್ಯಾಲಯದವರು ಆಟದ ಹೊತ್ತಿನಲ್ಲಿ ಮಿದುಳಿನ ಚಿತ್ರ ತೆಗೆದರು. ಗೆಳೆಯರು ನೋಡುತ್ತಿದ್ದಾರೆಂದು ತಿಳಿದರೆ ಸಾಕು, ಹದಿಹರೆಯದವರ ಮಿದುಳಿನಲ್ಲಿ ಸುಖ, ಬಹುಮಾನಗಳಿಗೆ ಸ್ಪಂದಿಸುವ ಭಾಗ ಹೆಚ್ಚು ಚುರುಕಾಗುತ್ತಿತ್ತು. ಅಂದರೆ ಹುಡುಗನಿಗೆ ಅಪಾಯ ಗೊತ್ತಿಲ್ಲವೆಂದಲ್ಲ. ಗೆಳೆಯರ ಕಣ್ಣೆದುರು ಅಪಾಯದ ರುಚಿ ಹೆಚ್ಚಾಗುತ್ತದೆ. ‘ನಿಧಾನವೇ ಪ್ರಧಾನ’ ಎಂಬ ಫಲಕವನ್ನು ಓದಿಕೊಂಡೇ ಅವನು ವೇಗ ಹೆಚ್ಚಿಸುತ್ತಾನೆ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಇಲ್ಲಿ ಕಠಿಣವಾಗಿಯೇ ಮಾತಾಡುತ್ತದೆ. ಅಪ್ರಾಪ್ತ ವಯಸ್ಸಿನವನು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಇಷ್ಟಿದ್ದರೂ ಕೀಲಿ ಹುಡುಗನ ಕೈಗೆ ಹೋಗುತ್ತದೆ. ಪಕ್ಕದ ಮನೆಯವನು ಮಗನಿಗೆ ಕೊಟ್ಟಿದ್ದಾನೆ, ನಾವು ಕೊಡದಿದ್ದರೆ ಹೇಗೆ? ಈ ಲೆಕ್ಕಾಚಾರ ಅಪ್ಪನದು, ಮಗನದಲ್ಲ.

ಹೌದು, ದೊಡ್ಡವರೂ ಈ ವಿಷಯದಲ್ಲಿ ಅಷ್ಟೇನೂ ದೊಡ್ಡವರಲ್ಲ. ಈ ಜಿಲ್ಲೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆಂಬ ಮಾತು ಎಷ್ಟು ವರ್ಷ ಓಡಿತು! 1997ರಲ್ಲಿ ಹೊಸ ಜಿಲ್ಲೆಯಾದಾಗ ಅಂದಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಅದನ್ನು ಉದ್ಘಾಟಿಸಿದ್ದು ಜಿಲ್ಲಾ ಕೇಂದ್ರದಿಂದಲ್ಲ, ಮಲೆ ಮಹದೇಶ್ವರ ಬೆಟ್ಟದಿಂದ. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಬಂದು ಹೋದರು. ಅದೇ ವರ್ಷ ಮೈತ್ರಿ ಮುರಿದು ಅವರ ಸರ್ಕಾರವೂ ಹೋಯಿತು. ‘ನಾವು ಹೇಳಲಿಲ್ಲವೇ’ ಎನ್ನುವವರಿಗೆ ಇನ್ನೊಂದು ಸಾಕ್ಷಿ ಸಿಕ್ಕಿತು. ಈ ಊರಿಗೆ ಬಾರದೆಯೇ ಅಧಿಕಾರ ಕಳೆದುಕೊಂಡ ಮುಖ್ಯಮಂತ್ರಿಗಳನ್ನು ಮಾತ್ರ ಯಾರೂ ಎಣಿಸಲಿಲ್ಲ. ಕೊನೆಗೆ 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯ ಹಲವು ಬಾರಿ ಬಂದರು, ಐದು ವರ್ಷ ಪೂರೈಸಿದರು, 2023ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ನಂಬಿಕೆಯೋ ಇಲ್ಲವೋ, ‘ಹಿಂದಿನವರು ಹೋಗಿಲ್ಲ, ನಾನ್ಯಾಕೆ ಹೋಗಲಿ’ ಎಂದು ಕೂತವರಿಗೂ, ‘ಎಲ್ರೂ ಮಾಡ್ಸವ್ರೆ, ನಾನ್ಯಾಕ್ ಬುಡ್ಲಿ’ ಎಂದು ಕಟಿಂಗಿಗೆ ಕೂತವನಿಗೂ ಹೆಚ್ಚಿನ ಅಂತರವಿಲ್ಲ.

ಗುಂಪಿನ ಒತ್ತಡ ಎಲ್ಲ ಕಡೆಯೂ ಇಷ್ಟು ನಗುವ ಸಂಗತಿಯಾಗಿ ಉಳಿಯುವುದಿಲ್ಲ. 2020ರಲ್ಲಿ ಪಕ್ಕದ ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಪರಿಶಿಷ್ಟ ಜಾತಿಯವರಿಗೆ ಕ್ಷೌರ ಮಾಡಿದ್ದಕ್ಕಾಗಿ ತನ್ನ ಕುಟುಂಬಕ್ಕೆ ಬಹಿಷ್ಕಾರ ಹಾಕಿ 50,000 ರೂಪಾಯಿ ದಂಡ ವಿಧಿಸಿದ್ದಾರೆಂದು ಕ್ಷೌರಿಕರೊಬ್ಬರು ದೂರಿದ್ದು ಪತ್ರಿಕೆಗಳಲ್ಲಿ ವರದಿಯಾಯಿತು. ಅಲ್ಲಿ ಕತ್ತರಿಯ ಮೇಲೆ ಒತ್ತಡ ಹಾಕಿದವರು ಹದಿಹರೆಯದವರಲ್ಲ, ಊರಿನ ಮೀಸೆ ಹಣ್ಣಾದವರು. 2025ರಲ್ಲಿ ‘ಹೆಬ್ಬುಲಿ ಕಟ್’ ಎಂಬ ಹೆಸರಿನಲ್ಲೇ ಒಂದು ಕನ್ನಡ ಚಿತ್ರ ಬಂತು. ಉತ್ತರ ಕರ್ನಾಟಕದ ಹಳ್ಳಿಯೊಂದರ ಹುಡುಗನಿಗೆ ಆ ಕಟಿಂಗಿನ ಆಸೆ, ಅಡ್ಡ ಬರುವುದು ಜಾತಿ. ಎಲ್ಲರಂತೆ ಕಾಣಬೇಕೆಂಬ ಹಂಬಲವನ್ನು ಬರೀ ಕುರಿಮಂದೆಯ ಬುದ್ಧಿಯೆಂದು ತಳ್ಳಿಹಾಕುವ ಮೊದಲು ಇದನ್ನೂ ನೆನೆಯಬೇಕು. ಎಲ್ಲರೂ ಕೂರುವ ಕುರ್ಚಿಯಲ್ಲಿ ಕೂತು ಎಲ್ಲರೂ ಮಾಡಿಸುವ ಕಟಿಂಗ್ ಮಾಡಿಸಿಕೊಳ್ಳುವುದೇ ಕೆಲವರಿಗೆ ದೊಡ್ಡ ಗೆಲುವು. ಶಾಲೆಯ ಸಮವಸ್ತ್ರದ ಹಿಂದೆ ಇರುವ ಯೋಚನೆಯೂ ಬಹುಮಟ್ಟಿಗೆ ಇದೇ ತಾನೆ?

ಇನ್ನು ಫೋಟೋದ ಹಾವಳಿ. ಮಳೆಗಾಲದಲ್ಲಿ ಗುಂಡ್ಲುಪೇಟೆಯ ರಸ್ತೆ ಬದಿಯ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂವು ಅರಳಿದಾಗ ಕಾರು, ಬೈಕುಗಳು ಸಾಲುಗಟ್ಟಿ ನಿಲ್ಲುತ್ತವೆ. ಸಾವಿರ ಜನ, ಒಂದೇ ಭಂಗಿ. ಗಿಡ ತುಳಿಸಿಕೊಂಡು ಸಾಕಾದ ಕೆಲವು ರೈತರು ಹೊಲಕ್ಕೆ ಇಳಿಯಲು ದುಡ್ಡು ಕೇಳತೊಡಗಿದ್ದು ನ್ಯಾಯವೇ. ಅಂದಹಾಗೆ, ಸೂರ್ಯಕಾಂತಿ ಸದಾ ಸೂರ್ಯನ ಜತೆ ತಿರುಗುತ್ತದೆಂಬುದು ಅರ್ಧ ಸತ್ಯ. ತಿರುಗುವುದು ಎಳೆಯ ಗಿಡ. ಹೂ ಪೂರ್ತಿ ಅರಳಿದ ಮೇಲೆ ಅದು ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾದ ಆ ಹೂವಿಗೆ ದುಂಬಿಗಳೂ ಹೆಚ್ಚು ಬರುತ್ತವೆಂದು 2016ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಮನುಷ್ಯರಲ್ಲಿ ಕೆಲವರು ಅರಳಿದ ಮೇಲೂ ತಿರುಗುತ್ತಲೇ ಇರುತ್ತಾರೆ. 2025ರ ಆಗಸ್ಟಿನಲ್ಲಿ ಬಂಡೀಪುರದ ರಸ್ತೆಯಲ್ಲಿ ಕಾಡಾನೆಯ ಜತೆ ಸೆಲ್ಫಿ ತೆಗೆಯಲು ಹೋಗಿ ಅದರ ಕಾಲಡಿ ಬಿದ್ದು, ಹೇಗೋ ಬದುಕಿ, 25,000 ರೂಪಾಯಿ ದಂಡ ತೆತ್ತ ವ್ಯಕ್ತಿ ಹುಡುಗನೇನಲ್ಲ.

‘ನೀನು ನೀನಾಗಿರು, ಯಾರಿಗೂ ಸೊಪ್ಪು ಹಾಕಬೇಡ’ ಎಂಬ ಉಪದೇಶ ಇಂಥ ಕಡೆ ಯಾಕೆ ನಾಟುವುದಿಲ್ಲ? ಇದಕ್ಕೆ ಹಳೆಯದೊಂದು ಪ್ರಯೋಗದಲ್ಲಿ ಉತ್ತರವಿದೆ. ಅಮೆರಿಕದ ಮನೋವಿಜ್ಞಾನಿ ಸಾಲಮನ್ ಆಶ್ 1950ರ ದಶಕದಲ್ಲಿ ಕಾಲೇಜು ಹುಡುಗರನ್ನು ಗುಂಪಾಗಿ ಕೂರಿಸಿ ಎರಡು ಕಾರ್ಡ್ ತೋರಿಸಿದರು. ಒಂದರಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು ಗೆರೆ. ಮೂರರಲ್ಲಿ ಯಾವುದು ಮೊದಲಿನದಕ್ಕೆ ಸಮ ಎಂದು ಹೇಳಬೇಕು, ಅಷ್ಟೆ. ಒಬ್ಬನೇ ಇದ್ದಾಗ ನೂರಕ್ಕೆ ಒಂದು ತಪ್ಪೂ ಆಗದಷ್ಟು ಸುಲಭ. ಆದರೆ ಗುಂಪಿನಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟು ಕೂರಿಸಿದವರು. ಅವರೆಲ್ಲ ಒಂದೇ ತಪ್ಪು ಉತ್ತರವನ್ನು ಗಟ್ಟಿಯಾಗಿ ಹೇಳುತ್ತ ಬಂದಾಗ, ಏನೂ ತಿಳಿಯದ ಆ ಒಬ್ಬ ತನ್ನ ಕಣ್ಣನ್ನೇ ಅನುಮಾನಿಸತೊಡಗಿದ. ಹೀಗೆ ಪರೀಕ್ಷೆಗೊಳಗಾದವರು ಕೊಟ್ಟ ಉತ್ತರಗಳಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಭಾಗ ಗುಂಪಿನ ಜತೆ ತಪ್ಪಿದವು. ಒತ್ತಡಕ್ಕೆ ದೊಡ್ಡ ಗುಂಪೇನೂ ಬೇಕಾಗಿರಲಿಲ್ಲ. ಎದುರಿಗೆ ಒಬ್ಬನಿದ್ದರೆ ಪರಿಣಾಮವೇ ಇಲ್ಲ, ಇಬ್ಬರಿದ್ದರೆ ಸ್ವಲ್ಪ, ಮೂವರಾದರೆ ಹೆಚ್ಚುಕಡಿಮೆ ಪೂರ್ತಿ. ಒಂದು ಬೈಕಿನ ಮೇಲೆ ಹಿಡಿಸುವಷ್ಟೇ ಜನ.

ಈ ಪ್ರಯೋಗದ ಇಷ್ಟು ಭಾಗ ಬಹಳ ಕಡೆ ಬಂದಿದೆ. ಮುಂದಿನದು ಅಷ್ಟಾಗಿ ಬರುವುದಿಲ್ಲ. ಆಶ್ ಅದೇ ಗುಂಪಿನೊಳಗೆ ಸರಿ ಉತ್ತರ ಹೇಳುವ ಇನ್ನೊಬ್ಬನನ್ನು ಕೂರಿಸಿದರು. ಒಬ್ಬನೇ ಒಬ್ಬ. ಅಷ್ಟಕ್ಕೇ ತಪ್ಪುಗಳು ಕಾಲು ಭಾಗಕ್ಕೆ ಇಳಿದವು. ಉಳಿದವರ ಸಂಖ್ಯಾಬಲ ಹಾಗೆಯೇ ಇತ್ತು, ಒಗ್ಗಟ್ಟು ಮಾತ್ರ ಮುರಿದಿತ್ತು. ಮತ್ತೆ ಆ ಜತೆಗಾರನೇ ನಡುವೆ ಬಹುಮತದ ಕಡೆಗೆ ಹೊರಳಿಕೊಂಡಾಗ ತಪ್ಪುಗಳು ಪುನಃ ಏರಿದವು.

ಹುಡುಗರ ವಿಷಯದಲ್ಲಿ ಹಿರಿಯರು ಹುಡುಕಬೇಕಾದದ್ದು ಈ ಇನ್ನೊಬ್ಬನನ್ನು. ‘ಆ ಗುಂಪಿನ ಸಹವಾಸ ಬಿಡು’ ಎಂದರೆ ಹದಿನೈದರ ಹುಡುಗ ಬಿಡುವುದಿಲ್ಲ. ಬಿಟ್ಟು ಹೋಗುವುದಾದರೂ ಎಲ್ಲಿಗೆ? ಆದರೆ ಅದೇ ಗುಂಪಿನಲ್ಲಿ ‘ನಾನೂ ಬರಲ್ಲ ಕಣ್ಲಾ, ನಡ್ಕಂಡ್ ಹೋಗ್ತೀನಿ’ ಎನ್ನುವ ಇನ್ನೊಬ್ಬನಿದ್ದರೆ ಇಬ್ಬರೂ ನಡೆದು ಹೋಗುತ್ತಾರೆ. ಮಗ ಯಾರ ಜತೆ ಹಾಳಾಗುತ್ತಿದ್ದಾನೆಂದು ತಿಳಿಯಲು ಪೋಷಕರು ಪಡುವ ಪಾಡಿನಲ್ಲಿ ಅರ್ಧವನ್ನು, ಯಾರ ಜತೆಯಿದ್ದಾಗ ಅವನು ನೆಟ್ಟಗಿರುತ್ತಾನೆಂದು ತಿಳಿಯಲು ಖರ್ಚು ಮಾಡಬಹುದು. ಅಂಥ ಗೆಳೆಯ ಮನೆಗೆ ಬಂದಾಗ ಅವನ ಹೆಬ್ಬುಲಿ ಕಟಿಂಗನ್ನು ಹೀಯಾಳಿಸಿ ಓಡಿಸದಿದ್ದರೆ ಸರಿ.

ದಿನನಿತ್ಯದ ಸಣ್ಣ ಕಿರಿಕಿರಿಗಳಿಗೂ ಇದು ಅನ್ವಯಿಸುತ್ತದೆ. ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗುವ ಸಂಜೆಯ ಬಸ್ಸು ಹತ್ತಿದರೆ ಗೊತ್ತಾಗುತ್ತದೆ. ಒಬ್ಬನ ಮೊಬೈಲಿನಲ್ಲಿ ಹಾಡು, ಇನ್ನೊಬ್ಬನದರಲ್ಲಿ ರೀಲ್ಸ್, ಮತ್ತೊಬ್ಬರದರಲ್ಲಿ ಧಾರಾವಾಹಿಯ ಅಳು. ಬಸ್ಸಿನಲ್ಲಿ ಹೀಗೆ ಜೋರಾಗಿ ಹಾಕುವಂತಿಲ್ಲವೆಂದು ಹೈಕೋರ್ಟಿನ ಆದೇಶದ ನಂತರ 2021ರ ನವೆಂಬರಿನಲ್ಲೇ ಕೆಎಸ್‌ಆರ್‌ಟಿಸಿ ಸುತ್ತೋಲೆ ಹೊರಡಿಸಿತು. ಹೇಳಿದರೂ ಕೇಳದವರನ್ನು ಕೆಳಗಿಳಿಸಲೂಬಹುದು, ಟಿಕೆಟ್ ಹಣ ವಾಪಸು ಕೊಡಬೇಕಾಗಿಯೂ ಇಲ್ಲ. ಐವತ್ತು ಜನಕ್ಕೆ ಕಿವಿ ಚಿಟ್ಟು ಹಿಡಿದಿರುತ್ತದೆ. ಉಳಿದ ನಲವತ್ತೊಂಬತ್ತು ಮಂದಿ ಸುಮ್ಮನಿದ್ದಾರಲ್ಲ, ಅವರಿಗೆ ತೊಂದರೆಯಿಲ್ಲವೇನೋ ಎಂದು ಪ್ರತಿಯೊಬ್ಬರೂ ಕಿಟಕಿಯಾಚೆ ನೋಡುತ್ತಾರೆ. ಹೂವಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡ ಯಾವುದಾದರೂ ಅಜ್ಜಿ ‘ಅದ್ನ ವಸಿ ನಿಲ್ಸಪ್ಪೋ ಮೊಗ, ತಲ ಸಿಡೀತದ’ ಎಂದರೆ ಸಾಕು. ಹಿಂದಿನ ಸೀಟಿನಿಂದ ‘ಹೂಂ, ನಿಲ್ಸಪ್ಪ’ ಎಂಬ ದನಿ ಬರುತ್ತದೆ, ಬಾಗಿಲ ಬಳಿಯಿಂದ ಇನ್ನೊಂದು. ಆಮೇಲೆ ಕಂಡಕ್ಟರಿಗೂ ಸುತ್ತೋಲೆ ನೆನಪಾಗುತ್ತದೆ.