ಶ್ರೀಶೈಲದ ಪಾದಯಾತ್ರೆ: ಮೂರನೆಯ ದಿನದ ಎಚ್ಚರ

ಹೋಳಿ ಹುಣ್ಣಿಮೆ ಕಳೆದು ಐದನೆಯ ದಿನ ಕಲಬುರಗಿಯ ಶ್ರೀ ಶರಣಬಸವೇಶ್ವರ ದೇವಸ್ಥಾನದಲ್ಲಿ ಮಹಾರಥೋತ್ಸವ ಜರುಗುತ್ತದೆ. ತೇರಿಗೆ ಕೈಮುಗಿದೇ ಶ್ರೀಶೈಲದ ಹಾದಿ ಹಿಡಿಯಬೇಕೆನ್ನುವ ಭಕ್ತರಿಗೆ ಆಗ ಯುಗಾದಿಗೆ ಉಳಿದಿರುವುದು ಸುಮಾರು ಹತ್ತು ದಿನ. ಹಾದಿಯೋ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ್ದು. ಅಂದರೆ ದಿನಕ್ಕೆ ಮೂವತ್ತು ಕಿಲೋಮೀಟರಿಗಿಂತ ಕಡಿಮೆ ನಡೆದರೆ ಹಬ್ಬಕ್ಕೆ ಮಲ್ಲಯ್ಯನ ದರ್ಶನವಿಲ್ಲ. ಆಳಂದಿಯಿಂದ ಪಂಢರಪುರಕ್ಕೆ ನಡೆಯುವ ವಾರಕರಿಗಳು ಸುಮಾರು 250 ಕಿಲೋಮೀಟರನ್ನು ಎರಡು ವಾರಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡು, ಅದೂ ಮಳೆಗಾಲದ ಆರಂಭದಲ್ಲಿ, ಕ್ರಮಿಸುತ್ತಾರೆ. ನಮ್ಮವರದು ಬಿರುಬಿಸಿಲಿನ ಅವಸರದ ನಡಿಗೆ. ಪಾದಯಾತ್ರಿಗಳ ಬಹುಪಾಲು ತೊಂದರೆಗಳ ಮೂಲ ಈ ಅವಸರದಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಮೊದಲ ದಿನ ಉತ್ಸಾಹವೇ ನಡೆಸುತ್ತದೆ. ಎರಡನೆಯ ದಿನ ನೋವು ಕಾಣಿಸಿದರೂ ಸಂಗಡಿಗರೆದುರು ಹೇಳಲು ಸಂಕೋಚ. ಮೂರನೆಯ ದಿನ ದೇಹ ಲೆಕ್ಕ ಕೇಳುತ್ತದೆ. ರೂಢಿಯಿಲ್ಲದ ಶ್ರಮದಿಂದ ಸ್ನಾಯುಗಳಲ್ಲಿ ಉಂಟಾಗುವ ನೋವು ಒಂದರಿಂದ ಮೂರು ದಿನಗಳ ನಡುವೆ ಉತ್ತುಂಗಕ್ಕೇರುವುದು ಶರೀರದ ಧರ್ಮ. ಬೆವರಿನಲ್ಲಿ ಹೋದ ನೀರು ಮತ್ತು ಉಪ್ಪು ಆಯಾ ದಿನವೇ ತುಂಬಿಬಾರದಿದ್ದರೆ ಕೊರತೆಯು ಸಾಲದಂತೆ ಬೆಳೆಯುತ್ತದೆ. ನಿದ್ರೆಯೂ ಸಾಲದು. ಆದುದರಿಂದ ಹೊರಡುವುದಕ್ಕೆ ಆರು ವಾರ ಮೊದಲೇ ದಿನವೂ ಒಂದು ಗಂಟೆ ನಡೆದು, ವಾರಕ್ಕೊಮ್ಮೆ ಹತ್ತು ಹದಿನೈದು ಕಿಲೋಮೀಟರು ಅಭ್ಯಾಸ ಮಾಡಿದವರು ಮಾತ್ರ ಹತ್ತು ದಿನದ ಲೆಕ್ಕ ಹಾಕಬೇಕು. ಉಳಿದವರು ನಾಲ್ಕು ದಿನ ಮುಂಚೆ ಹೊರಡುವುದು ಲೇಸು. ತೇರನ್ನು ಬಿಡಲಾಗದು ಎನ್ನುವವರು ಮೊದಲ ಅರ್ಧ ದಾರಿಯನ್ನು ವಾಹನದಲ್ಲಿ ಕ್ರಮಿಸಿದರೆ ಹರಕೆಗೆ ಕುಂದು ಬರುವುದೆಂದು ನನಗನ್ನಿಸುವುದಿಲ್ಲ.

ಈಗ ಬಿಸಿಲಿನ ವಿಷಯ. ಮಾರ್ಚ್ ಕೊನೆಗೆ ನಮ್ಮ ಭಾಗದಲ್ಲಿ ಉಷ್ಣಾಂಶ 40 ಡಿಗ್ರಿಯ ಸಮೀಪಕ್ಕೆ ಬರುತ್ತದೆ. ಆಗ ಡಾಂಬರು ರಸ್ತೆಯ ಮೇಲ್ಮೈ 60 ಡಿಗ್ರಿಯನ್ನು ಮುಟ್ಟಬಲ್ಲದು. ಬೆಳಗಿನ ನಾಲ್ಕಕ್ಕೆ ಹೊರಟು ಹತ್ತರೊಳಗೆ ನೆರಳು ಸೇರಿ, ಸಂಜೆ ನಾಲ್ಕೂವರೆಯ ನಂತರ ಮತ್ತೆ ನಡೆಯಬೇಕು. ಬಿಸಿಲಿನಲ್ಲಿ ನಡೆಯುವವನ ದೇಹದಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು. ಅಷ್ಟನ್ನೂ ಬರಿಯ ನೀರಿನಿಂದ ತುಂಬಿಸಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆನೋವು, ವಾಂತಿ, ಮಂಕು ಬರುತ್ತವೆ. ದಾರಿಯ ಅರವಟ್ಟಿಗೆಗಳಲ್ಲಿ ಉಪ್ಪು ಬೆರೆಸಿದ ಮಜ್ಜಿಗೆ, ಅಂಬಲಿ ಕೊಡುವ ಹಿರಿಯರ ಪದ್ಧತಿಯ ಹಿಂದೆ ಈ ತಿಳಿವಳಿಕೆ ಇದೆ. ಒಂದು ಲೀಟರು ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರೆ ಮನೆಯಲ್ಲಿಯೇ ಓಆರ್‌ಎಸ್ ಸಿದ್ಧ. ಚಮಚ ಚಹಾದ್ದಾಗಿರಲಿ, ಅಳತೆ ತಪ್ಪದಿರಲಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ವೈದ್ಯ ದಿಲೀಪ್ ಮಹಲನಾಬಿಸ್ ಅವರು ಇಂಥದೇ ಸಕ್ಕರೆ ಉಪ್ಪಿನ ನೀರಿನಿಂದ ಅಸಂಖ್ಯ ಜೀವಗಳನ್ನು ಉಳಿಸಿದರು.

ತಾಯಂದಿರಲ್ಲಿ ಒಂದು ವಿಶೇಷ ವಿನಂತಿ. ದಾರಿಯಲ್ಲಿ ಶೌಚಕ್ಕೆ ಮರೆಯಿಲ್ಲವೆಂದು ನೀರು ಕುಡಿಯುವುದನ್ನೇ ಬಿಟ್ಟು ನಡೆಯುವವರು ಬಹಳ. ಉರಿಮೂತ್ರ, ಜ್ವರ, ತಲೆಸುತ್ತು ಇದರ ಫಲ. ತಂಡದ ಹಿರಿಯರು ತಂಗುದಾಣವನ್ನು ಗೊತ್ತುಮಾಡುವಾಗ ಅಡುಗೆಯ ಸ್ಥಳಕ್ಕಿಂತ ಮೊದಲು ಹೆಣ್ಣುಮಕ್ಕಳ ಶೌಚದ ವ್ಯವಸ್ಥೆಯನ್ನು ನೋಡಬೇಕು. ಮೂತ್ರವು ಗಾಢ ಹಳದಿಯಾಗಿದ್ದರೆ ನೀರು ಸಾಲದೆಂದು ತಿಳಿಯಬೇಕು.

ನಡೆಯುತ್ತಿದ್ದವರು ಇದ್ದಕ್ಕಿದ್ದಂತೆ ತಡವರಿಸಿ ಮಾತನಾಡಿದರೆ, ಸಂಬಂಧವಿಲ್ಲದ್ದನ್ನು ನುಡಿದರೆ, ಅದನ್ನು ದಣಿವೆಂದೋ ಆವೇಶವೆಂದೋ ಭಾವಿಸಬಾರದು. ಅದು ಉಷ್ಣಾಘಾತವಿರಬಹುದು. ಬೆವರು ಇನ್ನೂ ಬರುತ್ತಿದೆಯೆಂಬುದು ಸಮಾಧಾನದ ಗುರುತಲ್ಲ. ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಹಾಕುತ್ತಲೇ 108ಕ್ಕೆ ಕರೆ ಮಾಡಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು, ತೀರ್ಥ ಏನನ್ನೂ ಹಾಕಬಾರದು.

ಪಾದದ ಗುಳ್ಳೆ ಚಿಕ್ಕದೆಂದು ಕಾಣುತ್ತದೆ, ಆದರೆ ಯಾತ್ರೆ ನಿಲ್ಲಿಸುವುದು ಹೆಚ್ಚಾಗಿ ಅದೇ. ತೇವ ಮತ್ತು ತಿಕ್ಕಾಟ ಸೇರಿದಲ್ಲಿ ಗುಳ್ಳೆ ಏಳುತ್ತದೆ. ಹೊಸ ಪಾದರಕ್ಷೆ ಬೇಡ. ತಿಂಗಳು ಕಾಲ ಹಾಕಿ ಒಗ್ಗಿಸಿಕೊಂಡದ್ದೇ ಇರಲಿ. ಕಾಲುಚೀಲ ಒದ್ದೆಯಾದೊಡನೆ ಬದಲಿಸಬೇಕು. ಒಂದು ಕಡೆ ಉರಿ ಎನಿಸಿದಾಗಲೇ ನಿಂತು ಅಂಟುಪಟ್ಟಿ ಹಾಕಿದರೆ ಗುಳ್ಳೆಯೇ ಏಳದು. ಎದ್ದ ಗುಳ್ಳೆಯ ಚರ್ಮವನ್ನು ಕೀಳಬಾರದು. ಕೆಳಗಿನ ಹಸಿಮಾಂಸಕ್ಕೆ ಅದೇ ಹೊದಿಕೆ.

ಮಧುಮೇಹಿಗಳಿಗೆ ಮಾತ್ರ ಕಟುವಾಗಿಯೇ ಹೇಳಬೇಕಾಗಿದೆ. ಹಲವು ವರ್ಷ ಸಕ್ಕರೆ ಕಾಯಿಲೆಯಿದ್ದವರ ಪಾದಕ್ಕೆ ಸ್ಪರ್ಶಜ್ಞಾನ ಕುಂದಿರುತ್ತದೆ. ಬರಿಗಾಲಿನಲ್ಲಿ ಕಾದ ರಸ್ತೆ ತುಳಿದು ಸುಟ್ಟರೂ ತಿಳಿಯದು, ಮುಳ್ಳು ಮುರಿದರೂ ತಿಳಿಯದು. ತಿಳಿಯುವ ಹೊತ್ತಿಗೆ ಕೀವಾಗಿರುತ್ತದೆ. ಬೆರಳು ಕಳೆದುಕೊಂಡವರಿದ್ದಾರೆ. ಬರಿಗಾಲಿನ ಹರಕೆ ಹೊತ್ತ ಮಧುಮೇಹಿಗಳು ಅದನ್ನು ಗುರುಗಳ ಸನ್ನಿಧಿಯಲ್ಲಿ ನಿವೇದಿಸಿಕೊಂಡು ಪಾದರಕ್ಷೆ ಧರಿಸಬೇಕು. ದಿನವೂ ಎರಡು ಬಾರಿ ಬೇರೊಬ್ಬರಿಂದ ಅಂಗಾಲನ್ನು ನೋಡಿಸಿಕೊಳ್ಳಬೇಕು. ನಡಿಗೆಯಿಂದ ಸಕ್ಕರೆ ಅತಿಯಾಗಿ ಇಳಿದು ನಡುಕ, ತಣ್ಣನೆಯ ಬೆವರು ಬಂದರೆ ಕೂಡಲೇ ತಿನ್ನಲು ಸಕ್ಕರೆ ಜೇಬಿನಲ್ಲಿರಲಿ. ಇನ್ಸುಲಿನ್, ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆ ಇವುಗಳ ಪ್ರಮಾಣವನ್ನು ಹೊರಡುವ ಮೊದಲೇ ವೈದ್ಯರೊಡನೆ ಗೊತ್ತುಮಾಡಿಕೊಳ್ಳಬೇಕು. ಮತ್ತೊಂದು: ಸಂಜೆಯಾದೊಡನೆ ತಂಡದಲ್ಲಿ ನೋವಿನ ಮಾತ್ರೆ ಹಂಚುವ ರೂಢಿಯಿದೆ. ನೀರು ಬತ್ತಿದ ದೇಹದಲ್ಲಿ ಡೈಕ್ಲೋಫಿನಾಕ್‌ನಂತಹ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ. ಅದನ್ನು ಬಿಟ್ಟು ಕಾಲನ್ನು ಗೋಡೆಗೆ ಎತ್ತಿಟ್ಟು ಹದಿನೈದು ನಿಮಿಷ ಮಲಗುವುದು ಒಳ್ಳೆಯದು.

ಆಹಾರದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ಇದ್ದರೆ ಸಾಕು. ಊರೂರಿನ ದಾಸೋಹದಲ್ಲಿ ಪ್ರೀತಿಯಿಂದ ಬಡಿಸುತ್ತಾರೆ. ಪ್ರಸಾದವನ್ನು ಸ್ವಲ್ಪವೇ ನೀಡಿಸಿಕೊಳ್ಳಬಹುದು.

ಕೊನೆಯ ಭಾಗವೇ ಕಠಿಣ. ಆತ್ಮಕೂರು ದಾಟಿ ವೆಂಕಟಾಪುರದಿಂದ ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳದ ಮೂಲಕ ಕೈಲಾಸದ್ವಾರಕ್ಕೆ ಹೋಗುವ ದಾರಿ ನಲ್ಲಮಲದ ಅಡವಿಯದು. ಅಲ್ಲಿ ಆಸ್ಪತ್ರೆ ದೂರ. ಕಲ್ಲಿನ ಏರಿಳಿತವಿರುವ ಈ ದಾರಿಯಲ್ಲಿ ಇಳಿಯುವಾಗ ಮಂಡಿಗೆ ಬೀಳುವ ಹೊರೆ ಹೆಚ್ಚು. ಕೈಯಲ್ಲೊಂದು ಕೋಲಿದ್ದರೆ ಅದು ತಗ್ಗುತ್ತದೆ. ಜ್ವರ, ಭೇದಿ, ಎದೆನೋವು, ಊದಿದ ಪಾದ ಇವುಗಳಲ್ಲಿ ಒಂದಿದ್ದರೂ ಆತ್ಮಕೂರಿನಲ್ಲಿಯೇ ನಿಂತು, ಮೊದಲು ವೈದ್ಯರನ್ನು ಕಾಣಬೇಕು. ಅವರು ಒಪ್ಪಿದರೆ ದೋರ್ನಾಳದ ಮಾರ್ಗವಾಗಿ ಬಸ್ಸಿನಲ್ಲಿ ಶ್ರೀಶೈಲ ಸೇರಬಹುದು. ಹಾಗೆ ನಿಂತವರ ಜೊತೆಗೆ ತಂಡದ ಒಬ್ಬರು ಉಳಿಯಬೇಕು. ಅದು ಯಾರೆಂಬುದನ್ನು ಕಲಬುರಗಿ ಬಿಡುವ ಮುನ್ನವೇ ನಿಶ್ಚಯಿಸಿಕೊಂಡಿರಬೇಕು.