ಕೊಳ್ಳುವ ನಿಯಮ, ಕಳೆದುಹೋದ ಕಾಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ರಸ್ತೆಗಳು ಕೂಡುವ ಕೆ.ಬಿ. ಕ್ರಾಸಿನಿಂದ ತುಮಕೂರಿನ ಕಡೆ ಹೊರಟರೆ ದಾರಿಯಲ್ಲಿ ನಿಟ್ಟೂರು ಸಿಗುತ್ತದೆ. ಅದರ ಸಮೀಪ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿ, 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಹಳೆಯ ಚೀತಾ, ಚೇತಕ್‌ಗಳ ಜಾಗಕ್ಕೆ ಹೊಸ ಹಗುರ ಹೆಲಿಕಾಪ್ಟರ್ ಕಟ್ಟುವುದು ಈ ಕಾರ್ಖಾನೆಯ ಮೊದಲ ಗುರಿ. ಆ ಜಾಗ ತುಂಬಲು ದೇಶ ಇಪ್ಪತ್ತು ವರ್ಷಕ್ಕೂ ಮೇಲಾಗಿ ಹೆಣಗುತ್ತಿದೆ. ಖರೀದಿಯ ನಿಯಮಗಳು ದುಡ್ಡು ಕಾಯುವುದೆಲ್ಲಿ, ಕಾಲ ಪೋಲು ಮಾಡುವುದೆಲ್ಲಿ ಎಂಬುದು ಈ ಪ್ರಸಂಗದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹೊಸದು ಯಾಕೆ ಬೇಕು?

ಚೇತಕ್, ಚೀತಾ ಎರಡೂ ಫ್ರಾನ್ಸಿನ ವಿನ್ಯಾಸ. ಪರವಾನಗಿ ಪಡೆದು ಎಚ್‌ಎಎಲ್ ತಯಾರಿಸಿತು. ಚೇತಕ್ 1960ರ ದಶಕದಿಂದ ಸೇವೆಯಲ್ಲಿದೆ. ಸಿಯಾಚಿನ್‌ನ ಹಿಮದ ಠಾಣೆಗಳಿಗೆ ಸಾಮಾನು ಮುಟ್ಟಿಸುವುದು, ಗಾಯಗೊಂಡವರನ್ನು ಕೆಳಗಿಳಿಸಿ ತರುವುದು ಒಂದೇ ಎಂಜಿನ್ನಿನ ಚೀತಾ. ಅಲ್ಲಿ ಗಾಳಿ ತೆಳು. ಒಂದು ಸಲಕ್ಕೆ ಅದು ಹೊರಬಲ್ಲ ಭಾರ ಬಹಳ ಕಡಿಮೆ. ಎಂಜಿನ್ ಕೈಕೊಟ್ಟರೆ ಇನ್ನೊಂದು ಎಂಜಿನ್ನಿನ ಆಸರೆ ಇಲ್ಲ.

ಖರೀದಿ ನಡೆಯುವ ಬಗೆ

ಮೊದಲು ಸೇನೆ ತನಗೆ ಬೇಕಾದ ಗುಣಗಳ ಪಟ್ಟಿ ಮಾಡುತ್ತದೆ. ರಕ್ಷಣಾ ಸಚಿವರ ಅಧ್ಯಕ್ಷತೆಯ ಮಂಡಳಿ ಅಗತ್ಯವನ್ನು ಒಪ್ಪಿದ ಮೇಲೆ ಟೆಂಡರ್ ಹೊರಡುತ್ತದೆ. ಕಂಪನಿಗಳು ತಾಂತ್ರಿಕ ವಿವರವನ್ನೂ ಬೆಲೆಯನ್ನೂ ಬೇರೆಬೇರೆ ಲಕೋಟೆಯಲ್ಲಿ ಕೊಡಬೇಕು. ತಮ್ಮದೇ ಖರ್ಚಿನಲ್ಲಿ ಯಂತ್ರ ತಂದು ಬಿಸಿಲಿನಲ್ಲೂ ಹಿಮದ ಎತ್ತರದಲ್ಲೂ ಹಾರಿಸಿ ತೋರಿಸಬೇಕು. ಪರೀಕ್ಷೆಯಲ್ಲಿ ಪಾಸಾದವರಲ್ಲಿ ಕಡಿಮೆ ಬೆಲೆಯವರ ಜತೆ ಮಾತುಕತೆ. ಯಾವುದೇ ಮೆಟ್ಟಿಲಲ್ಲಿ ಲೋಪ ಕಂಡರೆ ಟೆಂಡರೇ ರದ್ದಾಗಬಹುದು.

ಎರಡು ಟೆಂಡರು, ಒಂದು ಒಪ್ಪಂದ

2003ರ ಸುಮಾರಿಗೆ 197 ಹೆಲಿಕಾಪ್ಟರ್‌ಗಳಿಗೆ ಶುರುವಾದ ಖರೀದಿ ಕೊನೆಯ ಹಂತ ಮುಟ್ಟಿದ್ದಾಗ, 2007ರ ಡಿಸೆಂಬರಿನಲ್ಲಿ ರದ್ದಾಯಿತು. ಗೆದ್ದ ಯೂರೋಕಾಪ್ಟರ್ ಕಂಪನಿ ಪರೀಕ್ಷೆಗೆ ತಂದದ್ದು ಸೇನೆಯ ಮಾದರಿಯಲ್ಲ, ನಾಗರಿಕ ಮಾದರಿ ಎಂಬುದು ಆಕ್ಷೇಪ. 2008ರಲ್ಲಿ ಅದೇ 197ಕ್ಕೆ ಮತ್ತೆ ಟೆಂಡರು, ಮತ್ತೆ ಪರೀಕ್ಷೆ. 2014ರ ಆಗಸ್ಟಿನಲ್ಲಿ ಅದೂ ರದ್ದು. ದೇಶದಲ್ಲೇ ತಯಾರಿಸೋಣ ಎಂಬ ತೀರ್ಮಾನವಾಯಿತು. 2003ರಲ್ಲಿ ನೆಟ್ಟ ತೆಂಗಿನ ಸಸಿ ಅಷ್ಟು ಹೊತ್ತಿಗೆ ಫಲಕ್ಕೆ ಬಂದು, ಎಷ್ಟೋ ಸಲ ಕಾಯಿ ಕೆಡವಿ ಆಗಿರುತ್ತದೆ. 2015ರ ಡಿಸೆಂಬರಿನಲ್ಲಿ ರಷ್ಯಾದೊಂದಿಗೆ 200 ಕಾಮೊವ್ 226ಟಿ ಹೆಲಿಕಾಪ್ಟರ್‌ಗಳಿಗೆ ಸರ್ಕಾರಗಳ ನಡುವಿನ ಒಪ್ಪಂದವಾಯಿತು. ಬೆಲೆ ಮತ್ತು ದೇಶೀಯ ಬಿಡಿಭಾಗಗಳ ಪ್ರಮಾಣದ ಮೇಲೆ ಮಾತುಕತೆ ಎಳೆದು, ಖರೀದಿ ಆಗಲೇ ಇಲ್ಲ. ಎಚ್‌ಎಎಲ್‌ನದೇ ಹಗುರ ಹೆಲಿಕಾಪ್ಟರ್ 2016ರ ಸೆಪ್ಟೆಂಬರಿನಲ್ಲಿ ಹಾರಿತು. 12ಕ್ಕೆ ಒಪ್ಪಿಗೆ ಸಿಕ್ಕಿದ್ದು 2021ರ ನವೆಂಬರಿನಲ್ಲಿ. 2025ರ ಆಗಸ್ಟಿನಲ್ಲಿ ಸಚಿವಾಲಯ ಇದೇ ಕೆಲಸದ 200 ಹೆಲಿಕಾಪ್ಟರ್‌ಗಳಿಗೆ ಕಂಪನಿಗಳಿಂದ ಮತ್ತೆ ಮಾಹಿತಿ ಕೇಳಿತು.

ನಿಯಮ ಬಂದ ಕಾರಣ

ಈ ಬಿಗಿ ಸುಮ್ಮನೆ ಬಂದದ್ದಲ್ಲ. 1986ರಲ್ಲಿ 410 ಬೊಫೋರ್ಸ್ ಫಿರಂಗಿ ಕೊಂಡ ಮರುವರ್ಷವೇ ಲಂಚದ ಆರೋಪ ಎದ್ದು ದೇಶ ಅಲ್ಲಾಡಿತು. ಅಲ್ಲಿಂದಾಚೆ ಸಹಿ ಹಾಕುವ ಅಧಿಕಾರಿಗೆ ತಡಮಾಡುವುದೇ ಕ್ಷೇಮ ಎನ್ನಿಸತೊಡಗಿತು. ತಪ್ಪು ಖರೀದಿಗೆ ತನಿಖೆ ಉಂಟು; ಆಗದೇ ಹೋದ ಖರೀದಿಗೆ ಜವಾಬ್ದಾರರೇ ಇಲ್ಲ. ಆದರೆ ಹೊಸದು ಬಾರದ ಪ್ರತಿ ವರ್ಷವೂ ಹಳೆಯದರ ರಿಪೇರಿ, ಬಿಡಿಭಾಗಗಳ ಖರ್ಚು ನಿಲ್ಲುವುದಿಲ್ಲ. ಪೈಲಟ್‌ಗಳು ಅದೇ ಹಳೆಯ ಯಂತ್ರ ಹತ್ತಿ ಹಿಮದ ಮೇಲೆ ಹೋಗಬೇಕು.

ಏನು ಬದಲಾಗಬೇಕು

ಲೋಪ ಕಂಡಾಗ ಆ ಮೆಟ್ಟಿಲನ್ನಷ್ಟೇ ಮತ್ತೆ ಮಾಡಿಸಲು ನಿಯಮದಲ್ಲಿ ಜಾಗ ಬೇಕು. ಮಾದರಿ ತಪ್ಪಾಗಿದ್ದರೆ ಸರಿಯಾದದ್ದನ್ನು ತರಿಸಿ ಪರೀಕ್ಷಿಸಲಿ, ಐದು ವರ್ಷದ ಕೆಲಸ ಕಸಕ್ಕೆ ಹೋಗದಿರಲಿ. ಕೊಳ್ಳುವ ಬೆಲೆಯ ಜತೆಗೆ ಬಾಳಿಕೆಯುದ್ದದ ಇಂಧನ, ರಿಪೇರಿಯ ಖರ್ಚನ್ನೂ ಲೆಕ್ಕ ಹಿಡಿಯಲಿ. ಪ್ರತಿ ಹಂತಕ್ಕೂ ಗಡುವು ಇಟ್ಟು, ಮೀರಿದರೆ ಕಾರಣವನ್ನು ಸಂಸತ್ತಿಗೆ ತಿಳಿಸಲಿ. ಲಂಚ ತಿಂದವರಿಗೆ ಶಿಕ್ಷೆಯಾಗಲೇಬೇಕು. ಆ ಶಿಕ್ಷೆ ಚೀತಾ ಹಾರಿಸುವವರ ತಲೆಗೆ ಬರಬಾರದು. ತೆರಿಗೆ ಕಟ್ಟುವ ನಾವು ಎಷ್ಟಕ್ಕೆ ಕೊಂಡಿರಿ ಎಂದು ಕೇಳುವಷ್ಟೇ ಗಟ್ಟಿಯಾಗಿ ಯಾವಾಗ ಕೊಟ್ಟಿರಿ ಎಂದೂ ಕೇಳಬೇಕು.